ಇಂಪ್ಲಾಂಟ್‌ಗೆ ಮುಂಚೆ ದಾನಿ ಮೂಳೆ: ಪುಡಿಗಿಂತ ಹೊಲಿಗೆ ಮುಖ್ಯ

ಹಲ್ಲು ಕೀಳಿಸಿ ನಾಲ್ಕೈದು ವರ್ಷ ಬಿಟ್ಟು ಇಂಪ್ಲಾಂಟ್‌ಗೆ (ದವಡೆಯ ಮೂಳೆಗೆ ತಿರುಗಿಸಿ ಕೂರಿಸುವ ಕೃತಕ ಬೇರಿಗೆ) ಅಂತ ಬಂದವರಿಗೆ, ಸ್ಕ್ಯಾನ್ ನೋಡಿದ ಡಾಕ್ಟರು ಹೇಳುವ ಮೊದಲ ಮಾತು ಹೆಚ್ಚಾಗಿ ಒಂದೇ: ಮೂಳೆ ಸಾಲದು, ಗ್ರಾಫ್ಟ್ ಹಾಕಬೇಕು, ಅಂದರೆ ಕರಗಿದ ಜಾಗಕ್ಕೆ ಮೂಳೆಯ ಪುಡಿ ತುಂಬಿ ಹೊಸ ಮೂಳೆ ಬೆಳೆಸಬೇಕು. ಅಲ್ಲಿಂದ ಮುಂದೆ ಪ್ರಶ್ನೆಗಳೆಲ್ಲ ಆ ಪುಡಿಯ ಮೇಲೆಯೇ. ಯಾವ ಕಂಪನಿ, ಇಂಪೋರ್ಟೆಡ್ಡಾ, ಎಷ್ಟಾಗುತ್ತೆ? ಪುಡಿ ಮುಖ್ಯವೇ, ಇಲ್ಲ ಅನ್ನುವುದಿಲ್ಲ. ಆದರೆ ಗ್ರಾಫ್ಟ್ ಉಳಿಯುತ್ತದೋ ಹೋಗುತ್ತದೋ ಅನ್ನುವುದು ತೀರ್ಮಾನವಾಗುವುದು ವಸಡನ್ನು ಹೇಗೆ ಮುಚ್ಚಿದರು, ಪುಡಿ ಅಲುಗದಂತೆ ಹೇಗೆ ಹಿಡಿದಿಟ್ಟರು, ಎಷ್ಟು ತಿಂಗಳು ಕಾದರು ಅನ್ನುವುದರ ಮೇಲೆ.

ಮೂಳೆ ಕರಗುವುದಕ್ಕೆ ಕಾರಣ ಇದೆ. ಹಲ್ಲಿನ ಬೇರನ್ನು ಸುತ್ತಿಕೊಂಡಿರುವ ಒಳಪದರದ ಮೂಳೆ ಇರುವುದೇ ಹಲ್ಲಿಗಾಗಿ. ಹಲ್ಲು ಹೋದರೆ ಅದೂ ಹೋಗುತ್ತದೆ. ಮೇಲ್ದವಡೆಯ ಮುಂಭಾಗದಲ್ಲಿ ತುಟಿ ಕಡೆಯ ಗೋಡೆ ಬಹಳ ಜನರಲ್ಲಿ 1 ಮಿ.ಮೀ.ಗಿಂತ ತೆಳು, ಅದರಲ್ಲೂ ಹೆಚ್ಚಿನ ಪಾಲು ಈ ಪದರವೇ. ಹಾಗಾಗಿ ಮೊದಲು ಕುಸಿಯುವುದು ಹೊರಗಡೆಯ ಗೋಡೆ. ಮೊದಲ ಆರು ತಿಂಗಳಲ್ಲೇ ಸರಾಸರಿ ಅಗಲದಲ್ಲಿ ಸುಮಾರು 3.8 ಮಿ.ಮೀ., ಎತ್ತರದಲ್ಲಿ ಸುಮಾರು 1.2 ಮಿ.ಮೀ. ಕಳೆದುಹೋಗುತ್ತದೆ. ಹಲ್ಲು ಕೀಳುವ ದಿನವೇ ಆ ಗುಳಿಗೆ ಅರ್ಧ ಸಿಸಿ ಪುಡಿ ತುಂಬಿ ಮುಚ್ಚಿದರೆ ಈ ನಷ್ಟ ಪೂರ್ತಿ ನಿಲ್ಲದಿದ್ದರೂ ಗಣನೀಯವಾಗಿ ಕಡಿಮೆಯಾಗುತ್ತದೆ. ಆಗ ಬೇಡ ಅಂದವರೇ ಆಮೇಲೆ ದೊಡ್ಡ ಗ್ರಾಫ್ಟ್‌ಗೆ ಬರುವುದು.

ಲೆಕ್ಕ ಸರಳ. 4 ಮಿ.ಮೀ. ದಪ್ಪದ ಇಂಪ್ಲಾಂಟ್‌ಗೆ ನಾಲಿಗೆ ಕಡೆ ಕನಿಷ್ಠ 1 ಮಿ.ಮೀ., ತುಟಿ ಕಡೆ 1.5ರಿಂದ 2 ಮಿ.ಮೀ. ಮೂಳೆ ಬೇಕು. ಅಂದರೆ ಆರೂವರೆ, ಏಳು ಮಿ.ಮೀ. ಅಗಲ. ಸ್ಕ್ಯಾನ್‌ನಲ್ಲಿ 4 ಮಿ.ಮೀ. ಇದ್ದರೆ ಕೊರತೆ ಎಷ್ಟು ಅಂತ ನೀವೇ ಹೇಳಬಹುದು. ಈ ಅಳತೆಗೆ ಇಡೀ ದವಡೆ ಒಂದೇ ಚಿತ್ರದಲ್ಲಿ ಬರುವ ಒಪಿಜಿ ಎಕ್ಸ್‌ರೇ ಸಾಲದು, ಅದರಲ್ಲಿ ಅಗಲ ಕಾಣುವುದೇ ಇಲ್ಲ. ಮೂರು ಆಯಾಮದಲ್ಲಿ ತೋರಿಸುವ ಸಿಬಿಸಿಟಿ ಸ್ಕ್ಯಾನ್ ಬೇಕು. ಕೆಳದವಡೆಯಾದರೆ ನರದ ಕಾಲುವೆಗೂ ಇಂಪ್ಲಾಂಟ್ ತುದಿಗೂ 2 ಮಿ.ಮೀ. ಅಂತರ ಉಳಿಯುತ್ತದಾ ಅನ್ನುವುದನ್ನೂ ಅದರಲ್ಲೇ ನೋಡಬೇಕು.

ಇನ್ನು ಪುಡಿ. ದಾನಿಗಳ ಮೂಳೆಯಿಂದ ಬರುವುದರಲ್ಲಿ ಮುಖ್ಯವಾಗಿ ಎರಡು ಬಗೆ. ತೊಳೆದು, ಕೊಬ್ಬು ತೆಗೆದು, ಫ್ರೀಜ್ ಡ್ರೈ ಮಾಡಿದ್ದು ಎಫ್‌ಡಿಬಿಎ. ಅದನ್ನೇ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ನೆನೆಸಿ ಕ್ಯಾಲ್ಸಿಯಂ ತೆಗೆದರೆ ಡಿಎಫ್‌ಡಿಬಿಎ. ಕ್ಯಾಲ್ಸಿಯಂ ತೆಗೆದ ಮೂಳೆಯನ್ನು ಸ್ನಾಯುವಿನೊಳಗೆ ಇಟ್ಟರೂ ಅಲ್ಲಿ ಹೊಸ ಮೂಳೆ ಹುಟ್ಟುತ್ತದೆ ಅಂತ ಅಮೆರಿಕದ ಮೂಳೆ ಸರ್ಜನ್ ಮಾರ್ಷಲ್ ಯುರಿಸ್ಟ್ 1965ರಲ್ಲಿ ತೋರಿಸಿದರು. ಹೊಸ ಮೂಳೆ ಹುಟ್ಟಿಸುವ, ಮೂಳೆಯೊಳಗಿನ ಬಿಎಂಪಿ ಪ್ರೋಟೀನ್‌ಗಳ ಕಥೆ ಶುರುವಾಗುವುದು ಅಲ್ಲಿಂದ. ಆದರೆ ಸೀಸೆಯಿಂದ ಸೀಸೆಗೆ ಈ ಶಕ್ತಿ ಒಂದೇ ಸಮ ಇರುವುದಿಲ್ಲ. ಜೊತೆಗೆ ಕ್ಯಾಲ್ಸಿಯಂ ಇಲ್ಲದ ಪುಡಿ ಮೆತ್ತಗೆ, ಬೇಗ ಕರಗುತ್ತದೆ, ಎಕ್ಸ್‌ರೇಯಲ್ಲಿ ಮೊದಮೊದಲು ಕಾಣುವುದೂ ಇಲ್ಲ. ನಾಲ್ಕೂ ಗೋಡೆ ಇರುವ ಗುಳಿಗೆ ಡಿಎಫ್‌ಡಿಬಿಎ ಚೆನ್ನಾಗಿ ಒಗ್ಗುತ್ತದೆ. ಅಗಲ ಹೆಚ್ಚಿಸಬೇಕಾದ ಕಡೆ ಆಕಾರ ಹಿಡಿದುಕೊಳ್ಳುವ ಎಫ್‌ಡಿಬಿಎ ಬೇಕು. ಎರಡನ್ನೂ 70:30ರಲ್ಲಿ ಬೆರೆಸಿದ್ದೂ ಸಿಗುತ್ತದೆ. ಕಣಗಳ ಗಾತ್ರ 250ರಿಂದ 1000 ಮೈಕ್ರಾನ್, ಚಿರೋಟಿ ರವೆಯಿಂದ ಬನ್ಸಿ ರವೆವರೆಗೆ ಅನ್ನಿ. ಅದಕ್ಕಿಂತ ತೀರಾ ನುಣುಪಾದರೆ ಹೊಸ ಮೂಳೆ ಬರುವ ಮುಂಚೆಯೇ ದೇಹ ಅದನ್ನು ನುಂಗಿಹಾಕುತ್ತದೆ.

ನಮ್ಮ ಡೆಂಟಲ್ ಕಾಲೇಜುಗಳಲ್ಲಿ ಬಹಳ ವರ್ಷಗಳಿಂದ ಬಳಕೆಯಲ್ಲಿರುವುದು ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ಟಿಶ್ಯೂ ಬ್ಯಾಂಕ್‌ನ ಮೂಳೆ. ಅದು 1988ರಿಂದ ನಡೆಯುತ್ತಿದೆ, ಗಾಮಾ ಕಿರಣಗಳಿಂದ ಕ್ರಿಮಿಶುದ್ಧಿ ಮಾಡಿ ಕೊಡುತ್ತದೆ. ಸಾಮಾನ್ಯವಾಗಿ ಈ ಕೆಲಸಕ್ಕೆ ಬಳಸುವ ಪ್ರಮಾಣ 25 ಕಿಲೋಗ್ರೇ. 2011ರ ತಿದ್ದುಪಡಿಯಾದ ಮೇಲೆ ಅಂಗಾಂಗ ಕಸಿ ಕಾಯ್ದೆಯಲ್ಲಿ ಅಂಗಾಂಶಗಳೂ ಸೇರಿವೆ, ಹಾಗಾಗಿ ಮೂಳೆ ಬ್ಯಾಂಕ್‌ಗಳಿಗೂ ನೋಂದಣಿ ಬೇಕು.

ರೋಗ ಅಂಟುತ್ತದಾ ಅಂತ ಎಲ್ಲರೂ ಕೇಳುತ್ತಾರೆ, ಕೇಳಲೇಬೇಕು. ದಾನಿಗೆ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ ಪರೀಕ್ಷೆ ಆಗಿರುತ್ತದೆ, ಆಮೇಲೆ ತೊಳೆಯುವುದು, ಒಣಗಿಸುವುದು, ವಿಕಿರಣ. 2021ರಲ್ಲಿ ಅಮೆರಿಕದಲ್ಲಿ ಒಬ್ಬನೇ ದಾನಿಯ ಮೂಳೆಯಿಂದ ಬೆನ್ನುಮೂಳೆ ಆಪರೇಷನ್ ಆದ ಹಲವರಿಗೆ ಕ್ಷಯ ಹರಡಿತು. ಅದು ಜೀವಕೋಶಗಳನ್ನು ಬದುಕಿಸಿಟ್ಟ ಗ್ರಾಫ್ಟ್. ಕೋಶ ಬದುಕಿರಬೇಕಾದರೆ ವಿಕಿರಣ ಕೊಡುವಂತಿಲ್ಲ. ಒಣಪುಡಿಯನ್ನು ಅದರ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬಾರದು. ಏನೇ ಇರಲಿ, ಸೀಸೆಯ ಮೇಲಿನ ಸ್ಟಿಕ್ಕರ್, ಲಾಟ್ ನಂಬರ್ ಸಮೇತ, ನಿಮ್ಮ ಫೈಲಿನಲ್ಲಿ ಅಂಟಿಸಿರಬೇಕು. ಸೀಲ್ ಒಡೆಯುವುದನ್ನು ನಿಮ್ಮೆದುರೇ ಮಾಡಿ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಇನ್ನೊಂದು ವಿಷಯವನ್ನು ಬಾಯಿಬಿಟ್ಟು ಮಾತಾಡುವವರು ಕಡಿಮೆ. ದಾನಿ ಮೂಳೆ ಬೇಡ ಅಂದರೆ ಮುಂದಿನ ಆಯ್ಕೆ ಹೆಚ್ಚಾಗಿ ದನದ ಮೂಳೆಯ ಪುಡಿ. ಪುಡಿಯ ಮೇಲೆ ಹೊದಿಸುವ ಕೊಲಾಜನ್ ಪ್ರೋಟೀನಿನ ತೆಳು ಹಾಳೆ, ಅಂದರೆ ಮೆಂಬ್ರೇನ್, ಹಂದಿಯದೋ ದನದ್ದೋ ಆಗಿರಬಹುದು, ಮೀನಿನದೂ ಸಿಗುತ್ತದೆ. ಒಬ್ಬರಿಗೆ ಮನುಷ್ಯರ ಮೂಳೆ ಆಗುವುದಿಲ್ಲ, ಇನ್ನೊಬ್ಬರಿಗೆ ದನದ್ದು, ಮತ್ತೊಬ್ಬರಿಗೆ ಹಂದಿಯದು. ಒಪ್ಪಿಗೆ ಪತ್ರದಲ್ಲಿ 'ಬೋನ್ ಗ್ರಾಫ್ಟ್' ಅಂತಷ್ಟೇ ಬರೆದಿದ್ದರೆ ಅದು ಒಪ್ಪಿಗೆ ಅಲ್ಲ. ಪುಡಿ ಯಾವುದರದು, ಮೆಂಬ್ರೇನ್ ಯಾವುದರದು, ಎರಡನ್ನೂ ಬೇರೆಬೇರೆಯಾಗಿ ಹೇಳಿ ಬರೆಸಬೇಕು.

ಆಪರೇಷನ್‌ಗೆ ಮುಂಚೆ ಪಕ್ಕದ ಹಲ್ಲುಗಳ ವಸಡಿನ ಸೋಂಕು ವಾಸಿಯಾಗಿರಬೇಕು. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಎಂಟರ ಮೇಲಿದ್ದರೆ ಮೊದಲು ಶುಗರ್ ಇಳಿಸಿ. ಸಿಗರೇಟು ಸೇದುವವರಲ್ಲಿ ವಸಡು ಬಿಟ್ಟುಕೊಳ್ಳುವುದು ಎದ್ದುಕಾಣುವಷ್ಟು ಜಾಸ್ತಿ. ಗುಟ್ಕಾ, ಅಡಿಕೆಯಿಂದ ಕೆನ್ನೆ ಗಡುಸಾಗಿದ್ದರೆ ಇನ್ನೂ ಕಷ್ಟ: ಆ ಚರ್ಮ ಹಿಗ್ಗುವುದೇ ಇಲ್ಲ, ಗ್ರಾಫ್ಟ್ ಮೇಲೆ ಎಳೆದು ಮುಚ್ಚುವುದು ಹೇಗೆ? ಮೂಳೆ ಸವೆತಕ್ಕೆ ಅಲೆಂಡ್ರೋನೇಟ್ ಮಾತ್ರೆ, ಝೋಲೆಡ್ರೋನಿಕ್ ಡ್ರಿಪ್ ಅಥವಾ ಡೆನೊಸುಮ್ಯಾಬ್ ಇಂಜೆಕ್ಷನ್ ತಗೊಂಡಿದ್ದರೆ ಕೇಳುವ ಮುಂಚೆಯೇ ಹೇಳಿ.

ಈಗ ಕೆಲಸಕ್ಕೆ ಬರೋಣ. ಮರಗಟ್ಟಿಸಿ, ದವಡೆಯ ನೆತ್ತಿಯ ಮೇಲೆ ಗಟ್ಟಿ ವಸಡಿನಲ್ಲಿ ಕೊಯ್ದು, ಗ್ರಾಫ್ಟ್ ಜಾಗದಿಂದ ಒಂದು ಹಲ್ಲಿನಷ್ಟು ದೂರದಲ್ಲಿ ಇಳಿಗೆರೆ (ಮೇಲಿಂದ ಕೆಳಕ್ಕೆ ಕೊಯ್ತ) ಹಾಕಿ ಫ್ಲಾಪ್, ಅಂದರೆ ವಸಡಿನ ಪದರ, ಎತ್ತುತ್ತಾರೆ. ಮೂಳೆಯ ಮೇಲಿನ ನಾರೆಲ್ಲ ಕೆರೆದು ತೆಗೆದ ಮೇಲೆ 1 ಮಿ.ಮೀ. ರೌಂಡ್ ಬರ್ ಅನ್ನುವ ಗುಂಡು ತುದಿಯ ಡ್ರಿಲ್‌ನಲ್ಲಿ, ಸಲೈನ್ ಬಿಡುತ್ತಾ, ಅಲ್ಲಲ್ಲಿ ರಕ್ತ ಜಿನುಗುವವರೆಗೆ ಸಣ್ಣ ತೂತು. ಹೊಸ ರಕ್ತನಾಳ ಬರುವುದು ಆ ತೂತುಗಳಿಂದ. ಪುಡಿಗೆ ಸ್ವಂತ ಜೀವ ಇಲ್ಲ.

ಮುಂದಿನ ಹೆಜ್ಜೆಯನ್ನು ಪುಡಿ ಹಾಕುವ ಮುಂಚೆಯೇ ಮುಗಿಸಬೇಕು. ಫ್ಲಾಪ್‌ನ ಒಳಮೈಗೆ ಪೆರಿಯೋಸ್ಟಿಯಂ ಅಂಟಿರುತ್ತದೆ, ಬಿಳಿಯ ಪೊರೆ, ಎಳೆದರೆ ಒಂದಿಷ್ಟೂ ಹಿಗ್ಗದು. ಹೊಸ 15ನೇ ನಂಬರ್ ಬ್ಲೇಡಿನ ತುದಿಯಲ್ಲಿ, ಈ ಇಳಿಗೆರೆಯಿಂದ ಆ ಇಳಿಗೆರೆವರೆಗೆ ಒಂದೇ ಎಳೆತ, ಆಳ 1 ಮಿ.ಮೀ. ದಾಟಬಾರದು. ಪೊರೆ ಬಿಟ್ಟುಕೊಂಡದ್ದು ಕೈಗೇ ಗೊತ್ತಾಗುತ್ತದೆ: ಚಿಮಟದಲ್ಲಿ ಹಿಡಿದ ಫ್ಲಾಪ್ ಸಡಿಲವಾಗಿ ಮುಂದಕ್ಕೆ ಬರುತ್ತದೆ, ಕೆಳಗೆ ಕೆಂಪು ನಾರು ಕಾಣುತ್ತದೆ. ಎದುರಿನ ಅಂಚನ್ನು ದಾಟಿ 5 ಮಿ.ಮೀ. ಆದರೂ ತಾನಾಗಿ ಬರಬೇಕು. ಬರದಿದ್ದರೆ ಇನ್ನಷ್ಟು ಬಿಡಿಸಬೇಕೇ ಹೊರತು ಹೊಲಿಗೆಯಿಂದ ಬಿಗಿದು ತರಬಾರದು. ಕೆಳದವಡೆಯ ಪ್ರಿಮೋಲಾರ್ (ಕೋರೆಹಲ್ಲಿನ ಹಿಂದಿನ ಹಲ್ಲು) ಹತ್ತಿರ ಕೆಳತುಟಿಗೆ ಹೋಗುವ ಮೆಂಟಲ್ ನರ ಹೊರಬರುವ ಜಾಗ, ಅಲ್ಲಿ ನರವನ್ನು ಕಣ್ಣಾರೆ ಕಂಡ ಮೇಲೆಯೇ ಬ್ಲೇಡ್ ಇಡಬೇಕು. ತಪ್ಪಿದರೆ ಕೆಳತುಟಿ ಮರಗಟ್ಟಿಯೇ ಉಳಿಯಬಹುದು. ಈ ಕೊಯ್ತದಿಂದ ರಕ್ತ ಚೆನ್ನಾಗಿಯೇ ಬರುತ್ತದೆ. ಪುಡಿ ಹಾಕಿದ ಮೇಲೆ ಮಾಡಿದರೆ ಕಣಗಳೆಲ್ಲ ಕೊಚ್ಚಿಹೋಗುತ್ತವೆ.

ಒಂದು ಹಲ್ಲಿನ ಜಾಗಕ್ಕೆ ಅರ್ಧ ಸಿಸಿ, ಎರಡಕ್ಕೆ ಒಂದು ಸಿಸಿ ಸಾಮಾನ್ಯ ಅಂದಾಜು. ಸ್ವಲ್ಪ ಹೆಚ್ಚೇ ತುಂಬಬೇಕು, ಯಾಕೆಂದರೆ ಸ್ವಲ್ಪ ಕರಗುತ್ತದೆ. ಪುಡಿಯನ್ನು ಸ್ಟೆರೈಲ್ ಬಟ್ಟಲಿನಲ್ಲಿ ಸಲೈನ್‌ಗೆ ಹಾಕಿ, ಪ್ಯಾಕೆಟ್‌ನಲ್ಲಿ ಬರೆದಷ್ಟು ಹೊತ್ತು ನೆನೆಸಿ, ಹೆಚ್ಚಿನ ನೀರನ್ನು ಗಾಜ್‌ನಿಂದ ಹೀರಿ, ಗಾಯದ ರಕ್ತದಲ್ಲೇ ಕಲಸಿದರೆ ಮುದ್ದೆ ಕಟ್ಟುತ್ತದೆ. ರೋಗಿಯ ರಕ್ತವನ್ನು 2700 ಆರ್‌ಪಿಎಂನಲ್ಲಿ 12 ನಿಮಿಷ ತಿರುಗಿಸಿ ತೆಗೆದ ಪಿಆರ್‌ಎಫ್ (ರಕ್ತದ ಹೆಪ್ಪಿನ ಅಂಟು ಪದರ) ಚೂರು ಮಾಡಿ ಸೇರಿಸುವವರೂ ಇದ್ದಾರೆ. ಪುಡಿ ಹಿಡಿದಿಡಲು ಅನುಕೂಲ. ಅದರಿಂದಲೇ ಮೂಳೆ ದುಪ್ಪಟ್ಟು ಬೆಳೆಯುತ್ತದೆ ಅನ್ನುವುದು ಜಾಹೀರಾತಿನ ಮಾತು. ಬಾಯಲ್ಲಿ ಎಂಜಲು ತಾಗಬಾರದು, ಸಕ್ಷನ್ ತುದಿ ಹತ್ತಿರ ಬರಬಾರದು, ಗಟ್ಟಿಯಾಗಿ ಅದುಮಬಾರದು. ಕಣಗಳ ನಡುವೆ ಜಾಗ ಇಲ್ಲದಿದ್ದರೆ ರಕ್ತನಾಳ ಎಲ್ಲಿಂದ ನುಗ್ಗಬೇಕು?

ಮೆಂಬ್ರೇನ್ ಪುಡಿಯ ಅಂಚಿನಿಂದ 2-3 ಮಿ.ಮೀ. ಆಚೆ ಹೋಗಬೇಕು, ಪಕ್ಕದ ಹಲ್ಲಿಗೆ 1 ಮಿ.ಮೀ. ಈಚೆ ನಿಲ್ಲಬೇಕು, ಮೂಲೆಗಳನ್ನು ಗುಂಡಗೆ ಕತ್ತರಿಸಬೇಕು. ಚೂಪು ಮೂಲೆ ಮೂರನೇ ವಾರಕ್ಕೆ ವಸಡನ್ನು ತೂರಿಕೊಂಡು ಹೊರಗೆ ಬರುತ್ತದೆ. ಸಣ್ಣ ಟೈಟಾನಿಯಂ ಪಿನ್‌ಗಳಿಂದಲೋ ಪೆರಿಯೋಸ್ಟಿಯಂ ಹೊಲಿಗೆಯಿಂದಲೋ ಬಿಗಿದರೆ ಪುಡಿ ಕೆಳಗೆ ಜಾರುವುದಿಲ್ಲ. ಅಂಚಿನಿಂದ 4-5 ಮಿ.ಮೀ. ಒಳಗೆ ಹಾರಿಜಾಂಟಲ್ ಮ್ಯಾಟ್ರೆಸ್ ಅನ್ನುವ ಅಡ್ಡ ಹೊಲಿಗೆ, ಅದರ ಮೇಲೆ ಬಿಡಿಬಿಡಿ ಹೊಲಿಗೆ. ದಾರ 4-0 ಅಥವಾ 5-0 ದಪ್ಪದ, ಎಂಜಲು ಹೀರದ ಪಿಟಿಎಫ್‌ಇ. ರೇಷ್ಮೆ ದಾರ ಬೇಡ, ಎಂಜಲನ್ನು ಒಳಕ್ಕೆ ಹೀರುತ್ತದೆ. ಕೊನೆಗೆ ತುಟಿ ಎಳೆದು ನೋಡಬೇಕು: ಹೊಲಿಗೆ ಗೆರೆ ಬಿಳುಚಿಕೊಂಡರೆ ಬಿಗಿ ಇದೆ ಅಂತ, ಬಿಚ್ಚಿ ಮತ್ತೆ ಮಾಡಬೇಕು.

ಇದರಿಂದ ಅಗಲದಲ್ಲಿ 3-4 ಮಿ.ಮೀ. ನಿರೀಕ್ಷಿಸಬಹುದು. ಎತ್ತರ ಬೇಕಾದರೆ ಪುಡಿ ಮತ್ತು ಕೊಲಾಜನ್ ಸಾಲದು. ಟೈಟಾನಿಯಂ ಮೆಶ್ (ಜಾಲರಿ) ಅಥವಾ ಬ್ಲಾಕ್ (ಇಡೀ ಮೂಳೆ ತುಂಡು), ಮೇಲ್ದವಡೆಯ ಹಿಂಭಾಗದಲ್ಲಾದರೆ ಮೇಲಿನ ಗಾಳಿಗೂಡಿನ ಪೊರೆ ಎತ್ತಿ ಕೆಳಗೆ ಮೂಳೆ ತುಂಬುವ ಸೈನಸ್ ಲಿಫ್ಟ್. ಅದು ಬೇರೆಯೇ ಆಪರೇಷನ್.

ಮನೆಗೆ ಹೋದ ಮೇಲೆ ಕೆಡಿಸುವ ದೊಡ್ಡ ಶತ್ರು ತೆಗೆದು ಹಾಕುವ ಹಲ್ಲಿನ ಸೆಟ್. ಗ್ರಾಫ್ಟ್ ಮೇಲೆ ಅದು ಒತ್ತಿದರೆ ಅಲುಗಾಟಕ್ಕೆ ಮೂಳೆ ಬದಲು ನಾರು ಬೆಳೆಯುತ್ತದೆ. ಹೊಲಿಗೆ ಬಿಚ್ಚುವ 10-14 ದಿನದವರೆಗಂತೂ ಹಾಕಲೇಬೇಡಿ, ಆಮೇಲೂ ಒಳಭಾಗ ಕೊರೆಸಿಯೇ ಹಾಕಿ. ತುಟಿ ಎತ್ತಿ ಕನ್ನಡಿಯಲ್ಲಿ ನೋಡುವುದು, ಸ್ಟ್ರಾದಲ್ಲಿ ಹೀರುವುದು ಬೇಡ. ರಾಗಿ ಮುದ್ದೆ ಅಗಿಯದೆ ನುಂಗುವ ಅಭ್ಯಾಸ ಇದ್ದವರಿಗೆ ಒಳ್ಳೆಯದೇ ಆಯಿತು, ಬಿಸಿ ಆರಿರಬೇಕು ಅಷ್ಟೇ. ಮೊದಲೆರಡು ದಿನ ಒಂದೆರಡು ಕಣ ಬಾಯಿಗೆ ಬಂದರೆ ಗಾಬರಿ ಬೇಡ. ಎರಡನೇ ವಾರ ಗೆರೆ ಬಿಟ್ಟುಕೊಂಡು ಮೆಂಬ್ರೇನ್ ಕಂಡರೆ, ಕೀವು ಇಲ್ಲದಿದ್ದರೆ, ಮತ್ತೆ ಹೊಲಿಯುವುದು ಸಾಮಾನ್ಯವಾಗಿ ವ್ಯರ್ಥ; ಊತದ ವಸಡು ದಾರ ಹಿಡಿಯುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಹಚ್ಚಿ ವಾರವಾರ ನೋಡಿದರೆ ಕೊಲಾಜನ್ ಕರಗಿ ಕೆಳಗಿನಿಂದ ವಸಡು ಮುಚ್ಚಿಕೊಳ್ಳುತ್ತದೆ, ಸ್ವಲ್ಪ ಮೂಳೆ ನಷ್ಟದೊಂದಿಗೆ. ಕೀವು ಇದ್ದರೆ ಮೆಂಬ್ರೇನೂ ಸಡಿಲ ಪುಡಿಯೂ ಹೊರಗೆ ಬರಬೇಕು.

ಹಲ್ಲು ಕಿತ್ತ ಗುಳಿಯಲ್ಲಿ ತುಂಬಿದ್ದಾದರೆ 3-4 ತಿಂಗಳು, ಅಗಲಕ್ಕೆ ಹಾಕಿದ್ದಾದರೆ 5-6 ತಿಂಗಳು ಕಾದು ಮತ್ತೆ ಸಿಬಿಸಿಟಿ. ತೆರೆದಾಗ ಕಣಗಳು ಕ್ಯುರೆಟ್‌ಗೆ (ಕೆರೆಯುವ ಸಣ್ಣ ಚಮಚಕ್ಕೆ) ಕೆದರಿ ಬಂದರೆ ಅದು ನಾರು, ಇಂಪ್ಲಾಂಟ್ ಅವತ್ತು ಬೇಡ. ಡ್ರಿಲ್‌ಗೆ ಪ್ರತಿರೋಧ ಸಿಕ್ಕು ತೂತಿನಿಂದ ರಕ್ತ ಬಂದರೆ ಹಾಕಬಹುದು. ಹೊಸ ಮೂಳೆ ಹಳೆಯದಕ್ಕಿಂತ ಮೆತ್ತಗೆ, ಆದ್ದರಿಂದ ಕೊನೆಯ ಡ್ರಿಲ್ ಬಿಟ್ಟು ಸ್ವಲ್ಪ ಕಿರಿದಾದ ತೂತಿಗೇ ಇಂಪ್ಲಾಂಟ್ ತಿರುಗಿಸುವುದುಂಟು. ಇಂಪ್ಲಾಂಟ್ ಎಷ್ಟು ಬಿಗಿಯಾಗಿ ಕೂತಿತು ಅನ್ನುವುದರ ಅಳತೆ, ಟಾರ್ಕ್, 35 ನ್ಯೂಟನ್ ಸೆಂಟಿಮೀಟರ್ ಮುಟ್ಟದಿದ್ದರೆ ಕವರ್ ಸ್ಕ್ರೂ ಹಾಕಿ ವಸಡಿನ ಕೆಳಗೆ ಮುಚ್ಚಿ ಇನ್ನೂ ಮೂರು ನಾಲ್ಕು ತಿಂಗಳು ಬಿಡಬೇಕು. ಮನೆಯಲ್ಲಿ ಮದುವೆ ಇದೆ, ಅವತ್ತೇ ಮೇಲೆ ಹಲ್ಲು ಕೂರಿಸಿಕೊಡಿ ಅಂತ ಒತ್ತಾಯ ಮಾಡಬೇಡಿ.