ಲಾಕರ್ ಇದ್ರೆ ಆಕ್ಸಲ್ ಕಟ್ ಆಗುತ್ತಾ?

ದಾವಣಗೆರೆ ಕಡೆ ಥಾರೋ ಗೂರ್ಖಾನೋ ಅಂತ ಜೀಪ್ ತರದ ಗಾಡಿ ತಗೊಂಡ ಹುಡುಗ್ರು ನನ್ನ ಹತ್ರ ಮೊದಲು ಕೇಳೋದೇ ಇದು: ‘ಅಣ್ಣಾ, ಡಿಫ್ ಲಾಕ್ ಹಾಕಿದ್ರೆ ಆಕ್ಸಲ್ ಕಟ್ ಆಗುತ್ತಂತಲ್ಲ, ಹೌದಾ?’ ಫೋನಲ್ಲಿ ಎರಡು ಮಾತಲ್ಲಿ ಹೇಳೋಕಾಗಲ್ಲ, ಅದಕ್ಕೆ ಇಲ್ಲಿ ಬರೀತಿದೀನಿ.

ಡಿಫರೆನ್ಶಿಯಲ್ (ಡಿಫ್) ಅಂದ್ರೆ ಎಡ ಬಲ ಚಕ್ರಗಳ ನಡುವೆ ಇದ್ದು, ತಿರುವಲ್ಲಿ ಎರಡೂ ಬೇರೆ ಬೇರೆ ವೇಗದಲ್ಲಿ ಉರುಳೋಕೆ ಬಿಡೋ ಗೇರ್ ಜೋಡಣೆ; ಅದನ್ನ ಬಿಗಿದು ಎರಡನ್ನೂ ಒಟ್ಟಿಗೆ ತಿರುಗಿಸೋದೇ ಡಿಫ್ ಲಾಕ್ ಅಥವಾ ಲಾಕರ್. ಮಾಮೂಲಿ ಡಿಫರೆನ್ಶಿಯಲ್ ಎರಡೂ ಚಕ್ರಕ್ಕೆ ಸಮ ಟಾರ್ಕ್, ಅಂದ್ರೆ ತಿರುಗಿಸೋ ಬಲ, ಕೊಡುತ್ತೆ. ಒಂದು ಚಕ್ರ ಗಾಳಿಲಿ ನೇತಾಡ್ತಿದ್ರೆ ಅದನ್ನ ತಿರುಗಿಸೋಕೆ ಬೇಕಾಗೋದು ಚೂರೇ ಚೂರು, ನೆಲದ ಮೇಲಿರೋ ಚಕ್ರಕ್ಕೂ ಅಷ್ಟೇ ಸಿಗೋದು, ಗಾಡಿ ಕದಲಲ್ಲ, ಆದ್ರೆ ಶಾಫ್ಟ್ (ಡಿಫ್‌ನಿಂದ ಚಕ್ರಕ್ಕೆ ಹೋಗೋ ಕಬ್ಬಿಣದ ದಂಡ, ಆಕ್ಸಲ್ ಕಟ್ ಆಯ್ತು ಅಂದ್ರೆ ಮುರಿದಿರೋದು ಇದೇ) ಆರಾಮಾಗಿರುತ್ತೆ. ಲಾಕ್ ಬಿದ್ರೆ ಎರಡೂ ಕಡೆ ಒಂದೇ ವೇಗ, ಆ ಆಕ್ಸಲ್‌ಗೆ ಬಂದ ಟಾರ್ಕೆಲ್ಲ ಹಿಡಿತ ಇರೋ ಒಂದೇ ಶಾಫ್ಟ್ ಮೇಲೆ ಬೀಳಬಹುದು.

ಎಷ್ಟು ಬೀಳುತ್ತೆ? ಹಿಂದಿನ ಆಕ್ಸಲ್ ಮೇಲೆ 1000 ಕೆಜಿ ಭಾರ, ಚಕ್ರದ ಮಧ್ಯದಿಂದ ನೆಲಕ್ಕೆ 0.38 ಮೀಟರ್, ಒಣ ಬಂಡೆ ಮೇಲೆ ಟೈರಿನ ಹಿಡಿತ ಹೆಚ್ಚುಕಮ್ಮಿ ಭಾರದಷ್ಟೇ ಅಂತ ಇಟ್ಕೊಳ್ಳಿ. ಎರಡೂ ಚಕ್ರ ನೆಲದ ಮೇಲಿದ್ರೆ ಒಂದೊಂದು ಶಾಫ್ಟ್ 1,860 ನ್ಯೂಟನ್ ಮೀಟರ್ ಹತ್ರ ತಗೊಂಡಾಗ ಟೈರ್ ಜಾರುತ್ತೆ. ಒಂದು ಚಕ್ರ ಎದ್ದು ಭಾರ ಪೂರ್ತಿ ಇನ್ನೊಂದರ ಮೇಲೆ ಬಂದ್ರೆ, ಲಾಕ್ ಇದ್ರೆ, ಅದು 3,700 ದಾಟುತ್ತೆ. ಅಂದ್ರೆ ಡಬಲ್. ಲೋ ರೇಂಜ್ (ವೇಗ ಇಳಿಸಿ ಬಲ ಏರಿಸೋ ಇನ್ನೊಂದು ಗೇರ್) ಫಸ್ಟ್ ಗೇರಲ್ಲಿ ಅಷ್ಟು ಕೊಡೋದು ಡೀಸೆಲ್ ಎಂಜಿನ್‌ಗೆ ಲೆಕ್ಕಕ್ಕೇ ಇಲ್ಲ. ಹಾಗಾಗಿ ಶಾಫ್ಟಿಗೆ ಎಷ್ಟು ಬೀಳುತ್ತೆ ಅಂತ ತೀರ್ಮಾನಿಸೋದು ಟೈರಿನ ಹಿಡಿತ. ಅದಕ್ಕೇ ಹರಿಹರದ ಕಡೆ ಎರೆ ಮಣ್ಣಲ್ಲಿ, ಭದ್ರಾ ನಾಲೆ ಪಕ್ಕದ ಕೆಸರಲ್ಲಿ ಲಾಕ್ ಹಾಕಿ ಆಕ್ಸಲ್ ಮುರಿಯೋದು ಅಪರೂಪ, ಮುರಿಯೋಕೆ ಮುಂಚೆ ಟೈರ್ ಜಾರಿಬಿಡುತ್ತೆ. ಚಿತ್ರದುರ್ಗದ ಗ್ರಾನೈಟ್ ಬಂಡೆ ಹಂಗಲ್ಲ, ಟೈರ್ ಬಿಡಲ್ಲ ಅನ್ನುತ್ತೆ, ಎಂಜಿನ್ ನಿಲ್ಲಲ್ಲ ಅನ್ನುತ್ತೆ, ಮಧ್ಯ ಇರೋ ಶಾಫ್ಟ್ ತಿರುಚಿಕೊಳ್ಳುತ್ತೆ. (ಬಂಡೆ ಅಂದ ತಕ್ಷಣ ಜೋಗಿಮಟ್ಟಿಗೆ ಹೊರಡಬೇಡಿ, ಅದು ವನ್ಯಧಾಮ ಮಾರಾಯ್ರೇ.)

ಇಷ್ಟು ಕೇಳಿದೋರು ‘ಹಂಗಾದ್ರೆ ಲಾಕರೇ ಬೇಡ’ ಅಂತಾರೆ. ಸ್ವಲ್ಪ ತಡೀರಿ. ಲಾಕರ್ ಇಲ್ದೋನು ಅದೇ ಬಂಡೆ ಹತ್ತೋದು ಹೆಂಗೆ? ಹಿಂದೆ ಹೋಗಿ ಓಡಿಸ್ಕೊಂಡು ಬಂದು ಆಕ್ಸಿಲರೇಟರ್ ಒತ್ತಿ ರೇಸ್ ಕೊಡ್ತಾನೆ, ಚಕ್ರ ಗಾಳಿಲಿ ಗಿರ್ರನೆ ತಿರುಗ್ತಿರುತ್ತೆ, ಗಾಡಿ ಒಂದು ಸಲ ಎಗರಿ ಕೆಳಗೆ ಬಿದ್ದಾಗ ಆ ಚಕ್ರ ಬಂಡೆಗೆ ಕಚ್ಚಿ ಗಕ್ಕನೆ ನಿಲ್ಲುತ್ತೆ, ಆಗ ಬೀಳೋ ಏಟಿಗೆ ಮೇಲಿನ ಲೆಕ್ಕ ಯಾವುದೂ ಅನ್ವಯಿಸಲ್ಲ. ಶಾಫ್ಟೋ, ಡಿಫ್ ಒಳಗಿನ ಸ್ಟಾರ್ ಪಿನಿಯನ್ ಅನ್ನೋ ಚಿಕ್ಕ ಗೇರೋ ಹೋಗುತ್ತೆ. ಲಾಕ್ ಇದ್ದೋನು ಐಡಲ್‌ನಲ್ಲೇ, ರೇಸ್ ಕೊಡದೆ, ನಿಧಾನಕ್ಕೆ ಹತ್ತಬಹುದು. ನನ್ನ ಪ್ರಕಾರ ಆಕ್ಸಲ್ ಮುರಿಯೋದು ಜಾಸ್ತಿ ಬಲಗಾಲಿಂದ, ಲಾಕರ್ ಸಿಕ್ಕಿದ ಧೈರ್ಯಕ್ಕೆ ರೇಸ್ ಕೊಡೋರಿಗಂತೂ ಎರಡೂ ಕಡೆಯ ನಷ್ಟ.

ಇದರಲ್ಲೂ ತರಾವರಿ ಐತೆ. ಗೂರ್ಖಾದಲ್ಲಿ ಹಿಂದೆ ಮುಂದೆ ಎರಡೂ ಲಾಕ್ ಡ್ರೈವರ್ ಕೈಲಿ, ಅಡ್ಡಿ ಬರೋಕೆ ಮುಂಚೆನೇ ಹಾಕ್ಕೊಬಹುದು. ಥಾರಿನ ಕೆಲವು ಮಾಡೆಲ್‌ಗಳಲ್ಲಿ ಹಿಂದೆ ಬರೋ ಮೆಕ್ಯಾನಿಕಲ್ ಲಾಕರ್ ತಾನೇ ಬೀಳೋದು, ಅದೂ ಒಂದು ಚಕ್ರ ಜೋರಾಗಿ ತಿರುಗಿದ ಮೇಲೆ, ಹಾಗಾಗಿ ಅಲ್ಲಿ ಆಕ್ಸಿಲರೇಟರ್ ಮೆತ್ತಗೆ ಒತ್ತಿ, ಬಿದ್ದ ಮೇಲೆ ಹೆಚ್ಚಿಸಬೇಡಿ. ಟ್ರ್ಯಾಕ್ಟರ್ ಹೊಡೆಯೋ ನಮ್ಮ ರೈತರಿಗೆ ಇದೆಲ್ಲ ಹೇಳಿಕೊಡಬೇಕಾಗಿಲ್ಲ: ಗದ್ದೆ ಕೆಸರು ಮಾಡುವಾಗ ಒಂದು ಗಾಲಿ ಹೂತ್ರೆ ಲಾಕ್ ಪೆಡಲ್ ತುಳೀತಾರೆ, ತಿರುವು ಬರೋಕೆ ಮುಂಚೆ ಕಾಲು ತೆಗೀತಾರೆ.

ಮುಂದಿನ ಲಾಕ್ ವಿಷಯದಲ್ಲಿ ಮಾತ್ರ ನಾನೂ ಹೆದರ್ತೀನಿ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಮುಂದಿನ ಜಾಯಿಂಟ್ ಓರೆಯಾಗಿರುತ್ತೆ, ಅದರ ಶಕ್ತಿ ಕಮ್ಮಿ, ಆಗ ಲಾಕ್ ಹಾಕಿ ರೇಸ್ ಕೊಟ್ರೆ ಮೊದಲು ಹೋಗೋದು ಅದೇ. ಚಕ್ರ ನೆಟ್ಟಗೆ ಮಾಡ್ಕೊಂಡು ಹತ್ತಿ.

ಕಂಪನಿ ಟೈರ್, ಹಿಂದೆ ಲಾಕರ್ ಇಷ್ಟೇ ಇದ್ರೆ ಶಾಫ್ಟ್ ಬದಲಾಯಿಸೋಕೆ ದುಡ್ಡು ಸುರೀಬೇಡಿ. 33 ಇಂಚಿನ ಟೈರ್ ಹಾಕಿದ್ರೆ ಮೇಲಿನ 3,700 ಹೋಗಿ 4,100 ಆಗುತ್ತೆ, ಟೈರಿನ ತೂಕ ಬೇರೆ, ಆಗ ಕ್ರೋಮೋಲಿ ಅನ್ನೋ ಗಟ್ಟಿ ಉಕ್ಕಿನ ಶಾಫ್ಟ್ ಯೋಚನೆ ಮಾಡಿ. ಸರ್ವಿಸಿಗೆ ಬಿಟ್ಟಾಗ ಶಾಫ್ಟ್ ಹೊರಗೆ ಎಳೆಸಿ ತುದಿಯ ಸ್ಪ್ಲೈನ್, ಅಂದ್ರೆ ಉದ್ದಕ್ಕೆ ಕೊರೆದಿರೋ ಹಲ್ಲುಗಳನ್ನ, ನೋಡ್ರಿ, ಗೆರೆಗಳು ನೆಟ್ಟಗಿರದೆ ಹಗ್ಗದ ಹುರಿ ತರ ಸುತ್ತಿದ್ರೆ ಅದರ ಕಥೆ ಮುಗೀತು ಅಂತ. ಅದನ್ನೇ ವಾಪಸ್ ಹಾಕಿಸ್ಬೇಡಿ, ಸೆಮಿ ಫ್ಲೋಟಿಂಗ್ ಆಕ್ಸಲ್ ಆಗಿದ್ರೆ ಗಾಡಿಯ ಭಾರಾನೂ ಆ ಶಾಫ್ಟೇ ಹೊರೋದು, ಹೈವೇಲಿ ಕಟ್ ಆದ್ರೆ ಚಕ್ರಾನೇ ಕಿತ್ಕೊಂಡು ಹೋಗಬಹುದು.