ಮಾಚಿಕಾಯಿ ಮಸಿ, ತಿರುಗಿದ ಯೋದ್: ಹೀಬ್ರೂ ಅಕ್ಷರಾಭ್ಯಾಸದ ಮೂರನೇ ವಾರ

ಮಸಿ ಕೊನೆಗೂ ಕಪ್ಪಾಯಿತು. ಗ್ರಂಧಿಗೆ ಅಂಗಡಿಯಿಂದ ತಂದ ಮಾಚಿಕಾಯಿಯನ್ನು ಕುಟ್ಟಿ, ಎರಡು ದಿನ ನೆನೆಹಾಕಿ, ಕುದಿಸಿ, ಸೋಸಿ, ಅನ್ನಭೇದಿ ಮತ್ತು ಗೋಂದು ಬೆರೆಸಿದ್ದೆ. ಬರೆಯುವಾಗ ತೆಳು ಬೂದು ಬಣ್ಣವಿತ್ತು. ಬೆಳಿಗ್ಗೆ ಎದ್ದು ನೋಡಿದರೆ ಅದೇ ಗೆರೆ ಕಾಡಿಗೆಯಷ್ಟು ಕಪ್ಪು. ಯಹೂದಿ ಧರ್ಮಗ್ರಂಥ ಬರೆಯುವ ಸೋಫೇರ್‌ಗಳ ಮಸಿಗೂ ಮಾಚಿಕಾಯಿಯೇ ಮೂಲ. ನಮ್ಮಲ್ಲಿ ಮನೆಮದ್ದಿನ ಡಬ್ಬದಲ್ಲಿರುವ ಕಾಯಿ ಅದು ಎಂಬುದು ನನಗೆ ಬಹಳ ಖುಷಿ ಕೊಟ್ಟ ಸಂಗತಿ.

ಗೆರೆ ಹಾಕುವುದಕ್ಕೆ ಮಾತ್ರ ಸೋಫೇರ್‌ಗಳು ಮಸಿ ಬಳಸುವುದಿಲ್ಲ, ಚರ್ಮದ ಮೇಲೆ ಗೀರುತ್ತಾರೆ. ನಾನು ದಪ್ಪ ಕಾಗದದ ಮೇಲೆ ರೀಫಿಲ್ ಮುಗಿದ ಬಾಲ್‌ಪೆನ್ನಿನಿಂದ ಗೀರಿದೆ. ಅಕ್ಷರಗಳು ಗೆರೆಯ ಮೇಲೆ ಕೂರುವುದಿಲ್ಲ, ನಾಗರಿಯಂತೆ ಗೆರೆಗೆ ಜೋತುಬೀಳುತ್ತವೆ. ಕನ್ನಡದ ಕೈಗೆ ಇದು ಒಗ್ಗಲು ನಾಲ್ಕು ದಿನ ಬೇಕಾಯಿತು.

ಅಶ್ಕೆನಾಜಿಗಳು, ಅಂದರೆ ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿಗಳು, ಹೆಚ್ಚಾಗಿ ಹೆಬ್ಬಾತಿನ ಅಥವಾ ಟರ್ಕಿ ಕೋಳಿಯ ಗರಿಯಲ್ಲಿ ಬರೆಯುತ್ತಾರೆ. ಸೆಫಾರ್ದಿ (ಸ್ಪೇನ್-ಪೋರ್ಚುಗಲ್ ಮೂಲದ) ಮತ್ತು ಯೆಮನ್ ಪರಂಪರೆಯವರದು ಜೊಂಡಿನ ಲೇಖನಿ. ಎರಡನ್ನೂ ಹಿಡಿದು ನೋಡಿದೆ. ಗರಿ ಒತ್ತಿದಷ್ಟು ಬಾಗುತ್ತದೆ, ಜೊಂಡು ಬಾಗುವುದೇ ಇಲ್ಲ. ಅಕ್ಷರದ ತಿರುವುಗಳೂ ಅದಕ್ಕೆ ತಕ್ಕಂತೆ ಬೇರೆಯಾದವು.

ಈ ವಾರವೆಲ್ಲ ಹಿಡಿದಿಟ್ಟದ್ದು ತ್ಸಾದಿ ಎಂಬ ಅಕ್ಷರ. ಅದರ ಬಲತುದಿಯಲ್ಲಿ ಹೀಬ್ರೂವಿನ ಅತಿ ಚಿಕ್ಕ ಅಕ್ಷರವಾದ ಯೋದ್‌ನಂಥ ಪುಟ್ಟ ತಲೆಯಿದೆ. ಅಶ್ಕೆನಾಜಿಗಳ ‘ಬೇತ್ ಯೋಸೆಫ್’ ಲಿಪಿಯಲ್ಲಿ ಆ ಯೋದ್ ಎಂದಿನಂತೆ ನಿಲ್ಲುತ್ತದೆ. ಹಸಿದಿ ಎಂಬ ಯಹೂದಿ ಭಕ್ತಿಪಂಥದವರು ಬಳಸುವ ‘ಅರಿಜಾಲ್’ ಲಿಪಿಯಲ್ಲಿ ಅದೇ ಯೋದ್ ಹಿಂದಕ್ಕೆ ತಿರುಗಿಕೊಳ್ಳುತ್ತದೆ. ‘ಬೇತ್ ಯೋಸೆಫ್’ ಗ್ರಂಥ ಬರೆದು ಮೊದಲ ಲಿಪಿಗೆ ಹೆಸರಾದ ಧರ್ಮಶಾಸ್ತ್ರಜ್ಞ ಯೋಸೆಫ್ ಕಾರೋ ಸ್ವತಃ ಸೆಫಾರ್ದಿ. ‘ಅರಿಜಾಲ್’ ಎಂದು ಕರೆಸಿಕೊಂಡು ಎರಡನೆಯದಕ್ಕೆ ಹೆಸರಾದ ಅನುಭಾವಿ ಇಸಾಕ್ ಲುರಿಯಾ (1534–1572) ಕೊನೆಯ ವರ್ಷಗಳಲ್ಲಿದ್ದದ್ದು ಕಾರೋ ಇದ್ದ ಸಫೇದ್ ಊರಿನಲ್ಲೇ! ಸೆಫಾರ್ದಿಗಳ ಲಿಪಿ ‘ವೆಲಿಶ್’, ಅದು ಇನ್ನೂ ಶುರುವಾಗಿಲ್ಲ. ಬೇತ್ ಯೋಸೆಫ್ ತ್ಸಾದಿ ಇಪ್ಪತ್ತು ಸಾಲು ಬರೆದೆ, ಕೊನೆಯ ಮೂರು ನೋಡುವಂತಿವೆ.

ಬುಧವಾರ ದುಂಡು ಮೂಲೆಯ ರೇಶ್ ಅಕ್ಷರ ಬರೆಯಲು ಹೋಗಿ ಮೂಲೆ ಚೂಪಾಗಿ ದಾಲೆತ್ ಎಂಬ ಬೇರೆ ಅಕ್ಷರವೇ ಆಯಿತು. ಬ್ಲೇಡಿನಿಂದ ಮೂಲೆ ಕೆರೆದು ದುಂಡಗೆ ಮಾಡಿದೆ. ನೋಡಲು ಸರಿಯಾಗಿಯೇ ಇತ್ತು, ಆದರೆ ಸೋಫೇರ್‌ನ ನಿಯಮದಲ್ಲಿ ಅದು ಸಲ್ಲದು. ಅಕ್ಷರ ಬರವಣಿಗೆಯಿಂದ ಹುಟ್ಟಬೇಕು, ಕೆರೆತದಿಂದ ಹುಟ್ಟಬಾರದು. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾ ಸುರುಳಿಯಲ್ಲಿ ರೇಶ್‌ಗೆ ಮಸಿ ಸೇರಿಸಿ ದಾಲೆತ್ ಮಾಡಬಹುದು, ದಾಲೆತ್ ಕೆರೆದು ರೇಶ್ ಮಾಡುವಂತಿಲ್ಲ. 3,04,805 ಅಕ್ಷರಗಳಲ್ಲಿ ಪ್ರತಿಯೊಂದಕ್ಕೂ ಈ ಎಚ್ಚರ. ಹಾಗಾಗಿ ನನ್ನ ರೇಶ್ ಅನ್ನು ಮತ್ತೆ ಮೊದಲಿನಿಂದ ಬರೆದೆ.

ನಾನು ಬರೆಯುವುದು ವರ್ಣಮಾಲೆ ಮಾತ್ರ. ದೇವರ ಹೆಸರನ್ನು ಬರೆದರೆ ಅಳಿಸುವಂತಿಲ್ಲ. ಅಭ್ಯಾಸದ ಹಾಳೆಯಲ್ಲಿ ಅದನ್ನು ಬರೆಯುವುದು ನನ್ನ ಮನಸ್ಸಿಗೂ ಒಪ್ಪದು.

ಮುಂದಿನ ವಾರ ಖೇತ್ ಅಕ್ಷರ. ಅಶ್ಕೆನಾಜಿ ಖೇತ್‌ಗೆ ಮನೆಯ ಮಾಡಿನಂತೆ ಗೂನು, ಸೆಫಾರ್ದಿ ಖೇತ್‌ಗೆ ಸಮತಟ್ಟಾದ ನೆತ್ತಿ. ಗೂನಿನ ತುದಿ ಗರಿಯಲ್ಲಿ ಒಡೆಯುತ್ತಿದೆ, ಮೊನೆಯನ್ನು ಇನ್ನಷ್ಟು ಸಣ್ಣಗೆ ಕತ್ತರಿಸಬೇಕು.