ಮೊದಲು ಕರಗಿದ ಗಡ್ಡೆ ಆಮೇಲೆ ಕೀಮೋಗೆ ಯಾಕೆ ಜಗ್ಗುವುದಿಲ್ಲ?

"ಮೊದಲ ಎರಡು ಕೀಮೋಗೆ ಗಡ್ಡೆ ಅರ್ಧ ಆಗಿತ್ತು ಡಾಕ್ಟ್ರೇ, ಈಗ್ಯಾಕೆ ನಾಟ್ತಿಲ್ಲ? ಅಮ್ಮನ ಮೈಗೆ ಔಷಧಿ ಒಗ್ಗಿಹೋಯ್ತಾ?" ಮೈಸೂರು, ಮಂಡ್ಯ ಕಡೆಯ ಎಷ್ಟೋ ಮನೆಯವರು ಹೀಗೆ ಕೇಳುತ್ತಾರೆ. ಅಮ್ಮನ ಮೈ ಒಗ್ಗಿಲ್ಲ, ಒಗ್ಗಿರುವುದು ಗಡ್ಡೆ.

ಗಡ್ಡೆಯ ಕೋಟ್ಯಂತರ ಜೀವಕೋಶಗಳು ಒಂದೇ ತರ ಇರುವುದಿಲ್ಲ. ಕೆಲವದರಲ್ಲಿ ವಿಷ ಕಳೆಯುವ ಕಿಣ್ವ ಹೆಚ್ಚಿರುತ್ತದೆ. ಒಂದೇ ಕಳೆನಾಶಕ ಹೊಡೆಯುತ್ತ ಬಂದ ಭತ್ತದ ಗದ್ದೆಯಲ್ಲಿ ಅದಕ್ಕೆ ಸಾಯದ ಕಳೆಯೇ ಹಬ್ಬುವ ಹಾಗೆ, ಬದುಕುಳಿದ ಆ ಕೋಶಗಳೇ ಮತ್ತೆ ಬೆಳೆಯುತ್ತವೆ.

ಸ್ತನ ಕ್ಯಾನ್ಸರಿಗೆ ಕೊಡುವ ಸೈಕ್ಲೋಫಾಸ್ಫಮೈಡನ್ನೇ ನೋಡಿ. ಡ್ರಿಪ್‌ನಲ್ಲಿ ಹೋಗುವಾಗ ಅದಕ್ಕೆ ಕೋಶ ಕೊಲ್ಲುವ ಶಕ್ತಿ ಇರುವುದಿಲ್ಲ. ಲಿವರ್ ಅದನ್ನು ಚುರುಕುಗೊಳಿಸಬೇಕು. ಹಾಗೆ ಚುರುಕಾದದ್ದು ಕ್ಯಾನ್ಸರ್ ಕೋಶ ಹೊಕ್ಕಾಗ, ಅಲ್ಲಿ ಆಲ್ಡಿಹೈಡ್ ಡಿಹೈಡ್ರಾಜಿನೇಸ್ ಎಂಬ ಕಿಣ್ವ ಧಾರಾಳವಾಗಿದ್ದರೆ, ಡಿಎನ್‌ಎ ಮುಟ್ಟುವ ಮೊದಲೇ ನಿರುಪದ್ರವಿ ಆಮ್ಲವಾಗಿಬಿಡುತ್ತದೆ. ಇದೇ ಕಿಣ್ವ ಮೂಳೆಮಜ್ಜೆಯ ಮೂಲಕೋಶಗಳಲ್ಲೂ ಇದೆ. ಕೀಮೋ ಆದಮೇಲೆ ಇಳಿದ ಬಿಳಿರಕ್ತಕಣ ಮತ್ತೆ ಏರುವುದಕ್ಕೆ ಅದೂ ಒಂದು ಕಾರಣ. ಕಿಣ್ವವನ್ನೇ ತಡೆದುಬಿಡಿ ಎನ್ನುವುದು ಸುಲಭದ ಮಾತಲ್ಲ, ಜೊತೆಗೆ ಮಜ್ಜೆಯೂ ಸೊರಗುತ್ತದೆ.

ಸಿಸ್‌ಪ್ಲಾಟಿನ್, ಮೆಲ್ಫಲಾನ್ ಎಂಬ ಕೀಮೋ ಔಷಧಿಗಳದ್ದು ಬೇರೆ ದಾರಿ. ಕೋಶದೊಳಗಿನ ಗ್ಲುಟಥಯೋನ್ ಎಂಬ ವಸ್ತು ಇವಕ್ಕೆ ಅಂಟಿಕೊಂಡು ಶಕ್ತಿ ಕುಂದಿಸುತ್ತದೆ. ಮೆಲ್ಫಲಾನ್ ವಿಷಯದಲ್ಲಿ ಗ್ಲುಟಥಯೋನ್ ಎಸ್-ಟ್ರಾನ್ಸ್‌ಫರೇಸ್ (ಜಿಎಸ್‌ಟಿ) ಗುಂಪಿನ ಕಿಣ್ವಗಳು ಈ ಕೆಲಸಕ್ಕೆ ವೇಗ ಕೊಡುತ್ತವೆ. ಅಂಟಿದ್ದನ್ನು ಕೋಶದ ಪೊರೆಯ ಪಂಪುಗಳು ಹೊರದೂಡುತ್ತವೆ. ಆದ್ದರಿಂದ ಕೀಮೋ ನಡೆಯುವಾಗ ಬಣ್ಣ ಬರಲೆಂದು ಮಾರುವ ಗ್ಲುಟಥಯೋನ್ ಮಾತ್ರೆ, ಡ್ರಿಪ್ ಎರಡೂ ಬೇಡ. ಕಷಾಯ, ಅಮೃತಬಳ್ಳಿ ಏನೇ ಕೊಡುತ್ತಿದ್ದರೂ ಚೀಟಿಯಲ್ಲಿ ಬರೆದು ತನ್ನಿ, ಬೈಸಿಕೊಳ್ಳುತ್ತೇವೆಂದು ಮುಚ್ಚಿಡಬೇಡಿ. ನಿಲೋಟಿನಿಬ್, ಲ್ಯಾಪಾಟಿನಿಬ್ ಎಂಬ ಕ್ಯಾನ್ಸರ್ ಮಾತ್ರೆ ನುಂಗುವವರು ಚಕ್ಕೋತ ಬಿಡಬೇಕು. ಅದು ಔಷಧಿ ಒಡೆಯುವ ಕರುಳಿನ ಕಿಣ್ವವನ್ನು ಕಟ್ಟಿಹಾಕುವುದರಿಂದ ಔಷಧಿ ರಕ್ತದಲ್ಲಿ ಮಿತಿಮೀರಬಹುದು.

ಕಿಣ್ವ ಕಡಿಮೆಯಾದರೂ ಅಪಾಯವೇ. 5-ಫ್ಲೂರೋಯುರಾಸಿಲ್ ಎಂಬ ಕೀಮೋ ಔಷಧಿಯ ಶೇ. 80ಕ್ಕೂ ಹೆಚ್ಚು ಭಾಗವನ್ನು ಡಿಪಿಡಿ ಎಂಬ ಕಿಣ್ವ ಒಡೆಯುತ್ತದೆ. ಅದು ಹುಟ್ಟಿನಿಂದಲೇ ಕಡಿಮೆ ಇದ್ದವರಿಗೆ ಮಾಮೂಲಿ ಡೋಸೇ ಬಾಯಿಹುಣ್ಣು, ನಿಲ್ಲದ ಭೇದಿ ತಂದು ಜೀವಕ್ಕೆ ಎರವಾಗಬಹುದು. ಕ್ಯಾಪೆಸಿಟಬಿನ್ ಮಾತ್ರೆಯೂ ಮೈಯೊಳಗೆ ಇದೇ ಔಷಧಿಯಾಗುತ್ತದೆ. ಶುರುಮಾಡುವ ಮೊದಲು ಡಿಪಿಡಿ ಪರೀಕ್ಷೆಯ ಬಗ್ಗೆ ವಿಚಾರಿಸಿ.

"ಹಾಗಾದ್ರೆ ಡೋಸ್ ಜಾಸ್ತಿ ಮಾಡಿ" ಅನ್ನುತ್ತಾರೆ. ಮಜ್ಜೆ, ಕರುಳು ತಡೆಯುವಷ್ಟೇ ಡೋಸಿನ ಮಿತಿ. ಎಲ್ಲ ಸಲವೂ ಕಿಣ್ವದ್ದೇ ದೋಷವಲ್ಲ: ಕೋಶ ತನ್ನ ಡಿಎನ್‌ಎ ರಿಪೇರಿ ಮಾಡಿಕೊಂಡಿರಬಹುದು, ಔಷಧಿ ಹಿಡಿಯುವ ಜಾಗವೇ ಬದಲಾಗಿರಬಹುದು. ಅದಕ್ಕೇ ಸ್ಕ್ಯಾನ್ ನೋಡಿ, ಬೇಕಾದರೆ ಮತ್ತೆ ಬಯಾಪ್ಸಿ ಮಾಡಿ, ಬೇರೆ ಗುಂಪಿನ ಔಷಧಿಗೆ ಬದಲಿಸುತ್ತಾರೆ.